ಗುಳಿಗೆಗೂ ಒಪ್ಪತ್ತು

ಆಯಿಯ ಹಳದಿ ಗುಳಿಗೆಯ ಬೆಲೆ ಏರಿದಾಗಲೆಲ್ಲ ಶಿರಸಿಯ ನಮ್ಮ ಔಷಧಿ ಅಂಗಡಿಯವರು ಹೇಳುವುದು ಒಂದೇ ಮಾತು: "ಹೊಸ ಬ್ಯಾಚ್ ಬಂತು ತಂಗೀ." ಬೆಲೆ ಏರಿತು ಎಂದು ಅವರು ಈವರೆಗೆ ಒಮ್ಮೆಯೂ ಹೇಳಿಲ್ಲ. ನೆಂಟರು ಬಂದರು ಎನ್ನುವ ಹಾಗೆ ಬ್ಯಾಚ್ ಬರುತ್ತದೆ, ಯಾರದೂ ತಪ್ಪಲ್ಲ. ವರ್ಷಕ್ಕೆ ಒಂದಂತೂ ಬಂದೇ ಬರುತ್ತದೆ. ಒಂದೊಂದು ವರ್ಷ ದೀಪಾವಳಿಗೆ ಇನ್ನೊಂದು. ಹಾಗೆ ಹೇಳಿದ ದಿನ ಅವರು ಸ್ಟ್ರಿಪ್ಪುಗಳನ್ನು ಕೌಂಟರಿನ ಮೇಲೆ ತುಸು ಮೆಲ್ಲಗೆ ಇಡುತ್ತಾರೆ. ಹಾಗಾಗಿ ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ.

ಮನೆಯಲ್ಲಿ ಇರುವುದು ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು. ಅಪ್ಪ ತೀರಿಕೊಂಡದ್ದು ನಾನು ಪಿಯುಸಿಯಲ್ಲಿದ್ದಾಗ. ಶಿರಸಿ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಆಯಿ ಸೀರೆಗಳಿಗೆ ಫಾಲ್ಸ್ ಹಚ್ಚಿ ಪಿಕೋ ಮಾಡಿಕೊಡುತ್ತಾಳೆ. ನಾನು ದಿನವೂ ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋಗಿ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಕೆಲಸ ಇನ್ನೂ ಕಾಯಂ ಆಗಿಲ್ಲ.

ಐದು ವರ್ಷಗಳ ಹಿಂದೆ ಆಯಿಗೆ ಮೆದುಳು ಜ್ವರ ಬಂದಿತ್ತು. ಜ್ವರ ಹೋಯಿತು, ಫಿಟ್ಸ್ ಉಳಿಯಿತು. ಮೊದಲ ಸಲ ಬಂದಾಗ ಅವಳು ಒಲೆಯ ಮುಂದೆ ನಿಂತಿದ್ದಳು. ಎಡಗೈ ಮಣಿಕಟ್ಟಿನ ಮೇಲೆ ಈಗಲೂ ಹೊಳೆಯುವ ಕಲೆ ಇದೆ. ಹುಬ್ಬಳ್ಳಿಯ ಡಾಕ್ಟರು ಹಳದಿ ಗುಳಿಗೆ ಬರೆದುಕೊಟ್ಟರು: ಬೆಳಿಗ್ಗೆ ತಿಂಡಿಯ ನಂತರ ಒಂದು, ರಾತ್ರಿ ಊಟದ ನಂತರ ಒಂದು. "ಎಷ್ಟು ದಿವಸ?" ಎಂದು ಆಯಿ ಕೇಳಿದಾಗ ಅವರು ನಕ್ಕು, "ದಿವಸ ಎಣಸಬ್ಯಾಡ್ರಿ ತಾಯಿ" ಎಂದಿದ್ದರು. "ಹಿಂದಿನ ಸಲ ಯಾವಾಗ ಬಂದಿತ್ತು?" ಎಂದು ಅವರು ಕೇಳಿದ್ದಕ್ಕೆ ಆ ದಿನ ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅಂದಿನಿಂದ ನನ್ನ ದಿನಚರಿಯಲ್ಲಿ ಆಯಿಗೆಂದೇ ಒಂದು ಸಾಲು ಇದೆ. ಎಷ್ಟೋ ತಿಂಗಳು ಆ ಸಾಲಿನಲ್ಲಿ ನಾನು ಬರೆದದ್ದು 'ಏನಿಲ್ಲ' ಎಂಬ ಒಂದೇ ಪದ. ಅದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತಿತ್ತು, ಬರೆದರೆ ದೃಷ್ಟಿಯಾದೀತು ಎಂಬಂತೆ.

ಅಗ್ಗದ ದಾರಿ ಹುಡುಕಲಿಲ್ಲವೆಂದಲ್ಲ. ಪೇಟೆಯಲ್ಲಿ ಜೆನೆರಿಕ್ ಔಷಧಿಯ ಅಂಗಡಿಯೊಂದಿದೆ. ಅಲ್ಲಿ ಇದೇ ಗುಳಿಗೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಸಿಕ್ಕಿದರೆ. ಒಂದು ತಿಂಗಳು ಸಿಕ್ಕಿತು, ಮುಂದಿನ ಎರಡು ತಿಂಗಳು ಸ್ಟಾಕ್ ಇರಲಿಲ್ಲ. ಈ ಕಾಯಿಲೆಗೆ ಕಂಪನಿ ಪದೇ ಪದೇ ಬದಲಿಸಬಾರದು, ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಬೇಕು ಎಂದು ಡಾಕ್ಟರು ಹೇಳಿದ ಮೇಲೆ ಹಳೆಯ ಅಂಗಡಿಗೇ, ಹಳೆಯ ಕಂಪನಿಗೇ ಮರಳಿದೆವು.

ಆಯಿ ಔಷಧಿಯ ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, ಸೀರೆಯಲ್ಲಿ ಹೇಳುತ್ತಾಳೆ. ಮೊದಲ ವರ್ಷ ಹತ್ತು ಗುಳಿಗೆಯ ಒಂದು ಸ್ಟ್ರಿಪ್ಪು ಅಂದರೆ ಒಂದು ಸೀರೆಯ ಫಾಲ್ಸು, ಮೇಲೆ ಚಿಲ್ಲರೆ. ಆಮೇಲೆ ಒಂದೂವರೆ ಸೀರೆ. ಹೋದ ವರ್ಷ ಎರಡು ಸೀರೆಯ ಹತ್ತಿರ ಬಂತು. ತಿಂಗಳಿಗೆ ಬೇಕಾಗುವುದು ಆರು ಸ್ಟ್ರಿಪ್ಪು. ಫಾಲ್ಸಿನ ದರವನ್ನು ನಾವೂ ಏರಿಸಬಹುದಲ್ಲ ಎಂದು ಒಮ್ಮೆ ಹೇಳಿದೆ.

"ಏರಿಸಿರೆ ಎಂತ ಹೇಳವು ಅವ್ಕೆ? ಹೊಸ ಬ್ಯಾಚ್ ಬಂಜು ಹೇಳ್ಲಾ?" ಎಂದು ಆಯಿ ದಾರ ಕಚ್ಚಿ ತುಂಡರಿಸಿದಳು.

ನಾನು ಸಿದ್ದಾಪುರದಲ್ಲಿ ಇರುವಷ್ಟು ಹೊತ್ತು ಅವಳು ಒಂದೊಂದು ಸೀರೆ ಮುಗಿಸಿದಾಗಲೂ ನನಗೆ ಮಿಸ್ಡ್ ಕಾಲ್ ಕೊಡಬೇಕೆಂದು ನಾವು ಮಾತು ಮಾಡಿಕೊಂಡಿದ್ದೆವು. ಫೋನು ಒಮ್ಮೆ ಗುಂಯ್‌ಗುಟ್ಟಿ ನಿಂತರೆ ಆಯಿ ಸರಿ ಇದ್ದಾಳೆ ಎಂದರ್ಥ. ಗುಂಯ್‌ಗುಟ್ಟದೆ ಹೊತ್ತು ಕಳೆದರೆ ನಾನು ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತಿದ್ದರೂ ಕಾಣುತ್ತಿದ್ದದ್ದು ನಮ್ಮ ಅಡುಗೆ ಕೋಣೆಯ ಒಲೆ. ಪಕ್ಕದ ಮೇಜಿನವರು, "ಯಾರದಮ್ಮಾ ಅದು, ದಿನಾ ಮಿಸ್ಡ್ ಕಾಲ್ ಕೊಡೋ ಹುಡುಗ? ಕರೆನ್ಸಿ ಹಾಕ್ಸಿಕೊಡು ಪಾಪ" ಎಂದು ಛೇಡಿಸುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ.

ಆಯಿ ಮೊದಲಿನಿಂದಲೂ ಸೋಮವಾರ ಒಪ್ಪತ್ತು ಮಾಡುವವಳು. ಬೆಳಿಗ್ಗೆ ಎಂದಿನ ತಿಂಡಿ, ಮಧ್ಯಾಹ್ನ ಒಂದೇ ಹೊತ್ತು ಊಟ, ರಾತ್ರಿ ಒಂದು ಲೋಟ ಕಷಾಯ. ನಮ್ಮ ಕಡೆ ಬಹಳ ಮನೆಗಳಲ್ಲಿ ಯಾರಾದರೊಬ್ಬರು ಹೀಗೆ ಒಂದು ವಾರ ಹಿಡಿದಿರುತ್ತಾರೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಎರಡು ವರ್ಷದ ಹಿಂದೆ ಗುರುವಾರವೂ ಸೇರಿತು. ಹೋದ ವರ್ಷ ಶನಿವಾರ. "ಎಂತಕ್ಕೆ ಇಷ್ಟೆಲ್ಲ?" ಎಂದರೆ, "ನಿಂಗೊಂದು ಒಳ್ಳೆ ಸಂಬಂಧ ಸಿಗ್ಲಿ ಹೇಳಿ" ಎಂದು ನನ್ನ ಬಾಯಿ ಮುಚ್ಚಿಸಿದಳು. ಗುಳಿಗೆ ಈಚೆಗೆ ತಡವಾಗಿ ಖಾಲಿಯಾಗುತ್ತಿದೆಯಲ್ಲ ಎಂದು ಕೇಳಿದ್ದೆ. ಡಾಕ್ಟರು ಸ್ಯಾಂಪಲ್ ಎಂದು ಕೊಟ್ಟ ಸ್ಟ್ರಿಪ್ಪುಗಳಿದ್ದವು ಎಂದಳು. ಒಮ್ಮೆ ಅವರು ಎರಡು ಸ್ಟ್ರಿಪ್ಪು ಕೊಟ್ಟದ್ದು ನಿಜವೇ ಆಗಿತ್ತು. ಹಾಗಾಗಿ ಆ ಮಾತು ಅಲ್ಲಿಗೆ ನಿಂತಿತು.

ಈ ವರ್ಷ, ಮಳೆ ಹಿಡಿಯುವ ಮುಂಚಿನ ಒಂದು ಮಂಗಳವಾರ, ನಾನು ಹಲ್ಲುಜ್ಜುತ್ತಿದ್ದಾಗ ಹೊಲಿಗೆ ಯಂತ್ರದ ಸದ್ದು ಬೇರೆಯಾಯಿತು. ಆಯಿ ಸೀರೆಯ ಅಂಚು ಮುಗಿದ ಕೂಡಲೇ ನಿಲ್ಲಿಸುವವಳು. ಅಂದು ಯಂತ್ರ ನಿಲ್ಲದೆ ಓಡುತ್ತಿತ್ತು. ಹೋಗಿ ನೋಡಿದರೆ ಅವಳ ಕಾಲು ಮೋಟಾರಿನ ಪೆಡಲಿನ ಮೇಲೆ ಒತ್ತಿಕೊಂಡೇ ಇತ್ತು, ಕಣ್ಣು ಕಿಟಕಿಯ ಸರಳುಗಳಲ್ಲಿ ನೆಟ್ಟಿತ್ತು, ತುಟಿ ಏನನ್ನೋ ಚಪ್ಪರಿಸುತ್ತಿತ್ತು. ಸೂಜಿ ತೋರುಬೆರಳಿನ ಉಗುರಿನ ಅಂಚನ್ನು ಚುಚ್ಚಿಕೊಂಡು ಹೋಗಿತ್ತು. ನಾನು ಸ್ವಿಚ್ಚು ಆರಿಸಿ ಅವಳನ್ನು ಹಿಂದಿನಿಂದ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳಿಗೆ ಎಚ್ಚರವಾಯಿತು. ಮೊದಲು ನೋಡಿದ್ದು ಬೆರಳನ್ನಲ್ಲ, ಸೀರೆಯನ್ನು.

"ರಕ್ತ ತಾಗಿದ್ದಾ ನೋಡು ಕೂಸೆ. ಮದುವೆ ಸೀರೆ ಅದು."

ಸೀರೆಗೆ ತಾಗಿರಲಿಲ್ಲ. ಆ ದಿನದ ಸಾಲಿನಲ್ಲಿ 'ಏನಿಲ್ಲ' ಎಂದು ಬರೆಯುವಂತಿರಲಿಲ್ಲ.

ಡಾಕ್ಟರ ಹತ್ತಿರ ಶನಿವಾರದ ಸಮಯ ಸಿಕ್ಕಿತು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆವು. ಅವರು ಮೊದಲು ರಕ್ತ ಕೊಡಲು ಕಳಿಸಿದರು. ಮೈಯಲ್ಲಿ ಔಷಧಿ ಎಷ್ಟು ಮಟ್ಟದಲ್ಲಿದೆ ಎಂದು ನೋಡುವ ಪರೀಕ್ಷೆ. ಮಧ್ಯಾಹ್ನ ಅಲ್ಲೇ ಖಾನಾವಳಿಯಲ್ಲಿ ಊಟ ಮಾಡಿ ಕಾದೆವು. ಸಂಜೆಯ ಹೊತ್ತಿಗೆ ರಿಪೋರ್ಟು ಬಂತು. ಅವರು ಅದನ್ನು ಎರಡು ಸಲ ನೋಡಿದರು.

"ಮಟ್ಟ ಭಾಳ ಕೆಳಗ ಅದ. ಗುಳಿಗಿ ತಪ್ಪಿಸೀರೇನ್ರಿ ತಾಯಿ?"

"ಇಲ್ರೀ," ಎಂದಳು ಆಯಿ, ಬೆನ್ನು ನೆಟ್ಟಗೆ ಮಾಡಿ. "ಊಟ ಆದ್ಮೇಲೆ ಒಂದು ದಿನಾನೂ ಬಿಟ್ಟಿಲ್ಲ."

ಡಾಕ್ಟರು ನನ್ನನ್ನು ನೋಡಿದರು. ಬೆಳಗಿನದು ನನ್ನ ಕಣ್ಣ ಮುಂದೆಯೇ ತಗೊಳ್ಳುತ್ತಾಳೆ ಎಂದೆ. ರಾತ್ರಿಯದರ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಊಟವಾದ ಮೇಲೆ ಅವಳು ತಾನಾಗಿಯೇ ಗುಳಿಗೆಯ ಡಬ್ಬಿ ತೆಗೆಯುವುದನ್ನು ಎಷ್ಟು ಸಲ ನೋಡಿಲ್ಲ? "ಹಂಗಾರ ಇದೊಂದ ಸಾಲವಲ್ದು" ಎಂದು ಡಾಕ್ಟರು ಚೀಟಿಯಲ್ಲಿ ಇನ್ನೊಂದು ಗುಳಿಗೆ ಸೇರಿಸಿದರು. ಬಿಳಿಯದು. ಅದೂ ಎರಡು ಹೊತ್ತು, ಇವತ್ತು ರಾತ್ರಿಯಿಂದಲೇ.

ಕೆಳಗಿನ ಅಂಗಡಿಯಲ್ಲಿ ಬಿಳಿ ಗುಳಿಗೆಯ ಬೆಲೆ ಕೇಳಿ ನಾನು ಒಂದೇ ಸ್ಟ್ರಿಪ್ಪು ಕೊಂಡೆ. ಆಯಿ ಅದನ್ನು ಬೆಳಕಿಗೆ ಹಿಡಿದು, ತುದಿಯಲ್ಲಿ ಮುದ್ರಿಸಿದ್ದನ್ನು ಓದಿ, ನನ್ನ ಚೀಲಕ್ಕೆ ಹಾಕಿದಳು. ಸೀರೆಯ ಲೆಕ್ಕ ಅವಳ ಬಾಯಲ್ಲಿ ಬರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಹಳದಿಯದು, ಬಿಳಿಯದು, ಬಾಡಿಗೆ, ಬಸ್ ಪಾಸು: ನಾನು ಬಸ್ಸಿನಲ್ಲಿ ಕೂತು ತಲೆಯೊಳಗೇ ಕೂಡಿಸಿದೆ. ಯಲ್ಲಾಪುರ ಬರುವವರೆಗೂ ಕೂಡಿಸಿದೆ, ಪ್ರತಿ ಸಲವೂ ಒಂದೇ ಕಡೆ ಬಂದು ನಿಂತಿತು. ತಿಂಗಳು ಮುಗಿಯುವ ಮೊದಲೇ ಸಂಬಳ ಮುಗಿಯುತ್ತಿತ್ತು.

ಯಲ್ಲಾಪುರ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಕಾಲು ಗಂಟೆ ನಿಲ್ಲುತ್ತದೆ ಎಂದು ಕಂಡಕ್ಟರು ಹೇಳಿ ಇಳಿದರು. ನಾನು ಆಯಿಯನ್ನು ಕ್ಯಾಂಟೀನಿನೊಳಗೆ ಕರೆದೊಯ್ದು ಕೂರಿಸಿದೆ.

"ಊಟ ಹೇಳ್ಲಾ ಆಯಿ?"

"ಎಂಗೆ ಬೇಡ. ಇವತ್ತು ಶನಿವಾರ ಅಲ್ದಾ."

"ಸರಿ. ಹಂಗಾದ್ರೆ ಗುಳಿಗೆನಾದ್ರೂ ತಗ. ಹಳದಿ ಒಂದು, ಬಿಳಿ ಒಂದು." ನೀರಿನ ಬಾಟಲಿಯ ಮುಚ್ಚಳ ತೆಗೆದು ಮುಂದೆ ಇಟ್ಟೆ.

"ಉಣ್ದೇ ಎಂತ ಗುಳಿಗೆ?"

"ಅಂದ್ರೆ?"

"ಊಟದ ನಂತರ ಹೇಳಿ ಬರದ್ದಿಲ್ಯಾ ಅದ್ರಲ್ಲಿ? ಊಟವೇ ಇಲ್ಲೆ ಅಂದ್ಮೇಲೆ ಗುಳಿಗೆಗೂ ಒಪ್ಪತ್ತೇ."

ನನಗೆ ಮಾತು ಕೇಳಿಸಿತು, ಅರ್ಥ ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬೇರೆ ಶನಿವಾರ?"

"ಬೇರೆ ಶನಿವಾರವೂ ಶನಿವಾರವೇ."

"ಸೋಮವಾರ?"

ಅವಳು ಬಾಟಲಿಯ ಮುಚ್ಚಳವನ್ನು ತಿರುಗಿ ಹಾಕಿದಳು.

"ಗುರುವಾರನೂವಾ ಆಯಿ?"

"ಕೂಗಡ," ಎಂದಳು ಆಯಿ, "ಆಚೆ ಮೇಜಿನವ್ವು ನೋಡ್ತಾ ಇದ್ದ. ಆನು ಡಾಕ್ಟರ ಹತ್ರ ಸುಳ್ಳು ಹೇಳಿದ್ದಿಲ್ಲೆ. ಊಟ ಆದ ದಿನ ಒಂದೂ ಬಿಟ್ಟಿದ್ದಿಲ್ಲೆ."

ನಿಜ. ಅವಳು ಸುಳ್ಳು ಹೇಳಿರಲಿಲ್ಲ. ವಾರಕ್ಕೆ ಮೂರು ರಾತ್ರಿ ಅವಳ ಮೈಯಲ್ಲಿ ಔಷಧಿ ಇಳಿದುಹೋಗುತ್ತಿತ್ತು, ಆ ಮೂರು ರಾತ್ರಿಯ ಮರುದಿನ ಬೆಳಿಗ್ಗೆ ಅವಳು ಒಲೆ ಹಚ್ಚುತ್ತಿದ್ದಳು, ಸೂಜಿಯ ಮುಂದೆ ಕೂರುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚಿದ್ದು ಮಂಗಳವಾರ. ಅದರ ಹಿಂದಿನ ರಾತ್ರಿ ಸೋಮವಾರ.

ನಾನು ಎದ್ದು ಹೊರಗಿನ ಹಣ್ಣಿನ ಗಾಡಿಯಿಂದ ನಾಲ್ಕು ಬಾಳೆಹಣ್ಣು ತಂದೆ. "ಇದು ಊಟ ಅಲ್ಲ," ಎಂದಳು ಆಯಿ. "ಊಟ ಅಲ್ಲ, ತಿನ್ನು" ಎಂದೆ. ನನ್ನ ಮುಖ ನೋಡಿ ಏನನಿಸಿತೋ, ಎರಡು ತಿಂದಳು. ಹಳದಿ ಗುಳಿಗೆ ನುಂಗಿದಳು. ಬಿಳಿಯ ಸ್ಟ್ರಿಪ್ಪಿಗೆ ನಾನು ಕೈ ಹಾಕುತ್ತಿದ್ದಂತೆ ಅವಳು ನನ್ನ ಮಣಿಕಟ್ಟು ಹಿಡಿದಳು.

"ತಡಿ. ಹಳದಿದು ಸಮಾ ತಗಂಡ್ರೆ ಬಿಳಿದು ಬೇಕಾಗ್ತಿಲ್ಲೆ ಅಲ್ದಾ? ಡಾಕ್ಟರಿಗೆ ಗೊತ್ತಿದ್ದಿದ್ರೆ ಬರೀತಿದ್ನಾ ಅದನ್ನ?"

ಆಸ್ಪತ್ರೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸೋಮವಾರದವರೆಗೆ ಯಾರೂ ಎತ್ತುವುದಿಲ್ಲ ಎಂದು ಗೊತ್ತಿತ್ತು. ಕಂಡಕ್ಟರು ಸೀಟಿ ಊದಿದರು. ಬಿಳಿಯ ಸ್ಟ್ರಿಪ್ಪನ್ನು ಚೀಲದಲ್ಲೇ ಬಿಟ್ಟೆ. ಆಯಿಯನ್ನು ಕಿಟಕಿಯ ಬದಿಗೆ ಕೂರಿಸಿ, ಬಿದ್ದರೆ ನನ್ನ ಮೇಲೇ ಬೀಳುವಂತೆ ನಾನು ಅಂಚಿಗೆ ಕೂತೆ. ಶಿರಸಿಯವರೆಗೂ ಅವಳ ಕೈ ನನ್ನ ಕೈಯಲ್ಲೇ ಇತ್ತು. ಸಣ್ಣಗೆ ಅದುರಿದರೂ ಬಸ್ಸು ಅದುರಿದ್ದೋ ಕೈ ಅದುರಿದ್ದೋ ಎಂದು ನೋಡುತ್ತಿದ್ದೆ.

ಭಾನುವಾರ ಬಹಳ ಉದ್ದವಾಗಿತ್ತು. ಬಿಳಿ ಗುಳಿಗೆಯನ್ನು ತಡೆದದ್ದು ಸರಿಯೋ ತಪ್ಪೋ ಎಂಬುದು ತಲೆಯಿಂದ ಹೋಗಲಿಲ್ಲ. ಒಲೆಯ ಹತ್ತಿರ ಅವಳನ್ನು ಬಿಡಲಿಲ್ಲ. ನಾನೇ ಅಡುಗೆ ಮಾಡಿದೆ, ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಆಯಿ ಪೂರ್ತಿ ಉಂಡು, "ಅಡ್ಡಿಲ್ಲೆ" ಎಂದಳು. ನಮ್ಮಲ್ಲಿ ಹಬ್ಬದಡುಗೆಗೂ ಅಡ್ಡಿಲ್ಲೆ, ಉಪ್ಪಿಲ್ಲದ ಸಾರಿಗೂ ಅಡ್ಡಿಲ್ಲೆ, ಸೂಜಿ ಚುಚ್ಚಿದ ಬೆರಳಿಗೂ ಅಡ್ಡಿಲ್ಲೆ. ಆ ಮಾತಿನಿಂದ ಏನನ್ನೂ ತಿಳಿಯಲು ಬರುವುದಿಲ್ಲ.

ಸೋಮವಾರ ಕಚೇರಿಗೆ ರಜೆ ಹಾಕಿ ಹತ್ತು ಗಂಟೆಗೆ ಫೋನು ಮಾಡಿದೆ. ಡಾಕ್ಟರು ಮಧ್ಯಾಹ್ನ ತಾವೇ ತಿರುಗಿ ಮಾಡಿದರು. ನಡೆದದ್ದನ್ನು ಹೇಳಿದೆ. ಆಮೇಲೆ, ತಾಯಿಗೆ ಫೋನು ಕೊಡಿ ಎಂದರು. ನಾನು ಸ್ಪೀಕರ್ ಹಾಕಿ ಆಯಿಯ ಮುಂದೆ ಹಿಡಿದೆ.

"ತಾಯಿ, ಊಟದ ನಂತರ ಅಂತ ಯಾಕ ಬರದೇನಿ? ಹೊಟ್ಟಿ ಖಾಲಿ ಇರಬಾರದು ಅಂತ, ಅಷ್ಟ. ಬಾಳೆಹಣ್ಣು ತಿನ್ರಿ, ಅವಲಕ್ಕಿ ತಿನ್ರಿ, ಏನರೆ ತಿನ್ರಿ. ಗುಳಿಗಿಗೆ ಏಕಾದಶಿ ಇಲ್ರಿ."

"ಏಕಾದಶಿ ಅಲ್ಲ, ಶನಿವಾರ," ಎಂದಳು ಆಯಿ.

"ಶನಿವಾರಾನೂ ಇಲ್ರೀ!"

ಡಾಕ್ಟರು ನಗುತ್ತಿದ್ದರೋ ಸಿಟ್ಟಾಗಿದ್ದರೋ ತಿಳಿಯಲಿಲ್ಲ. ಆಮೇಲೆ ನನಗೆ ಬಿಡಿಸಿ ಹೇಳಿದರು. ಬಿಳಿಯದನ್ನು ಒಂದು ತಿಂಗಳು ತಡೆದು ನೋಡುವುದು. ಹಳದಿಯದನ್ನು ಎರಡೂ ಹೊತ್ತು ಒಂದು ದಿನವೂ ಬಿಡದೆ ಕೊಡುವುದು. ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ. "ನಡುವ ಮತ್ತ ಬಂತಂದ್ರ ಮಾತ್ರ ಕಾಯಬ್ಯಾಡ್ರಿ. ಬಿಳೇದು ಚಾಲೂ ಮಾಡಿ ಸೀದಾ ಇಲ್ಲಿಗೆ ಬರ್ರಿ." ಬಿಳಿಯ ಸ್ಟ್ರಿಪ್ಪನ್ನು ಒಡೆಯದೆ ದೇವರ ಗೂಡಿನ ಕೆಳಗಿನ ಹಲಗೆಯ ಮೇಲಿಟ್ಟೆ. ಅಲ್ಲಿಂದ ಅದು ದಿನವೂ ನನ್ನನ್ನು ನೋಡುತ್ತಿತ್ತು.

ಫೋನು ಇಟ್ಟ ಮೇಲೆ ಆಯಿ ಯಂತ್ರದ ಮುಂದೆ ಕೂತಳು, ಆದರೆ ಹೊಲಿಯಲಿಲ್ಲ.

"ದೇವ್ರಿಗೆ ಹೇಳಿ ಆದ್ರೆ ಸೋಮವಾರ ಒಂದೇ ಸಾಕಿತ್ತು," ಎಂದಳು. "ಅದು ಮೊದಲಿಂದ ಇದ್ದಿದ್ದು. ಹೊಸ ಬ್ಯಾಚ್ ಬಂತು, ಗುರುವಾರ ಹಿಡದಿ. ಮತ್ತೊಂದು ಬಂತು, ಶನಿವಾರ ಹಿಡದಿ."

"ಇನ್ನೊಂದು ಬಂದಿದ್ರೆ?"

"ಬುಧವಾರ ಇತ್ತಲೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು. ನನಗೆ ಸಂಬಂಧ ಸಿಗಲೆಂದು ಎಂದದ್ದು ಹಾಗಾದರೆ ಸುಳ್ಳೇ ಎಂದು ಕೇಳಿದೆ. "ಅದೂ ಸಿಕ್ರೆ ಬೇಡ ಹೇಳ್ತ್ನಾ?" ಎಂದಳು. ಆಮೇಲೆ ಮೆಲ್ಲಗೆ, "ಬಿಟ್ಟಿದ್ದಲ್ಲ ಕೂಸೆ. ಉಳಿಸಿದ್ದು" ಎಂದಳು.

ಅಂದು ರಾತ್ರಿ ಒಪ್ಪತ್ತು ಮುರಿಯಲಿಲ್ಲ. ಅವಲಕ್ಕಿ ತಿಂದು ಗುಳಿಗೆ ತಗೊಂಡಳು. ಗುರುವಾರ, ಶನಿವಾರ ಬಿಡುತ್ತೇನೆ, ಸೋಮವಾರ ಮಾತ್ರ ಕೇಳಬೇಡ ಎಂದಳು. ನಾನು ಒಪ್ಪಿದೆ. ಸಿದ್ದಾಪುರದ ಕಚೇರಿಯಲ್ಲಿ ತಿಂಗಳಿಗೆ ಎರಡು ಭಾನುವಾರದ ಕೆಲಸ ಕೇಳಿ ಪಡೆದುಕೊಂಡೆ. ಉಳಿಸಿದ್ದ ಗುಳಿಗೆಗಳ ಕಥೆ ಅಲ್ಲಿಗೆ ಮುಗಿದಿತ್ತು. ಇನ್ನು ಆರು ಎಂದರೆ ಆರೇ ಸ್ಟ್ರಿಪ್ಪು.

ಆ ತಿಂಗಳಿಡೀ ಮಿಸ್ಡ್ ಕಾಲ್ ತಡವಾದರೆ ನಾನೇ ಫೋನು ಮಾಡಿಬಿಡುತ್ತಿದ್ದೆ. ಆಯಿ ಬೈಯುತ್ತಿದ್ದಳು: "ಸೀರೆ ದೊಡ್ಡದಿದ್ರೆ ಆನೆಂತ ಮಾಡವು?" ತಿಂಗಳ ಕೊನೆಗೆ ಶಿರಸಿಯಲ್ಲೇ ರಕ್ತ ಕೊಟ್ಟೆವು. ರಿಪೋರ್ಟು ಹೊರಗಿನಿಂದ ಬರಬೇಕಿತ್ತು, ನಾಲ್ಕು ದಿನ ಹಿಡಿಯಿತು. ಮಟ್ಟ ಇರಬೇಕಾದ ಗೆರೆಯೊಳಗೆ ಬಂದಿತ್ತು. ಡಾಕ್ಟರಿಗೆ ಕಳಿಸಿದೆ. "ಬಿಳೇದು ಬ್ಯಾಡ. ಇದನ್ನ ಬಿಡಬ್ಯಾಡ" ಎಂದು ಉತ್ತರ ಬಂತು. ಆಯಿಗೆ ಓದಿ ಹೇಳಿದಾಗ, "ಆನು ಯಲ್ಲಾಪುರದಲ್ಲೇ ಹೇಳಿದ್ನಲೆ" ಎಂದಳು.

ಸಮಾಧಾನ ಹೆಚ್ಚು ದಿನ ಇರಲಿಲ್ಲ. ಹೋದ ಮಂಗಳವಾರ ಸಂಜೆ ಔಷಧಿ ಅಂಗಡಿಯವರು ಸ್ಟ್ರಿಪ್ಪುಗಳನ್ನು ಮೆಲ್ಲಗೆ ಇಟ್ಟರು.

"ಬಂತಾ?" ಎಂದೆ.

"ಬಂತು ತಂಗೀ. ನಾ ಎಂತ ಮಾಡುದು, ಮೇಲಿಂದ್ಲೇ ಹಾಗೆ ಬತ್ತದೆ."

ಬೆಲೆ ಮುದ್ರಿಸಿದ ತುದಿಯನ್ನು ಕತ್ತರಿಸಿ ಕೊಡಬಹುದೇ, ಮನೆಯಲ್ಲಿ ಆಯಿ ನೋಡುತ್ತಾಳೆ ಎಂದು ಕೇಳಿದೆ. ಅವರು ಕತ್ತರಿ ಎತ್ತಿಕೊಂಡವರು ಸ್ಟ್ರಿಪ್ಪು ತಿರುಗಿಸಿ ನೋಡಿ ಕೆಳಗಿಟ್ಟರು. "ಎಕ್ಸ್‌ಪೈರಿ ಡೇಟೂ ಅದೇ ಬದಿಗೆ ಉಂಟಲ್ಲ. ಅದನ್ನ ಕತ್ತರಿಸ್ಲಿಕ್ಕೆ ಬರುದಿಲ್ಲ."

ಹಾಗಾಗಿ ಇದ್ದ ಹಾಗೆಯೇ ತಂದುಕೊಟ್ಟೆ. ಆಯಿ ಕಿಟಕಿಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಓದಿದಳು. "ಈಗ ಎರಡು ಸೀರೆನೂ ಸಾಲ್ತಿಲ್ಲೆ" ಎಂದಳು. ಸ್ಟ್ರಿಪ್ಪುಗಳನ್ನು ಡಬ್ಬಿಗೆ ಹಾಕಿದಳು.

ಮರುದಿನ ಬುಧವಾರ. ಕಚೇರಿಯಲ್ಲಿ ದಿನವಿಡೀ ನನ್ನ ತಲೆಯಲ್ಲಿದ್ದದ್ದು ಅದೊಂದೇ. ಮಿಸ್ಡ್ ಕಾಲುಗಳು ಸರಿಯಾಗಿಯೇ ಬಂದವು, ಆದರೆ ನನಗೆ ಬೇಕಾದದ್ದನ್ನು ಅವು ಹೇಳುವಂತಿರಲಿಲ್ಲ. ಸಂಜೆಯ ಬಸ್ಸು ಎಂದಿಗಿಂತ ನಿಧಾನವಾಗಿ ಹೋಗುತ್ತಿದೆ ಅನಿಸಿತು. ಶಿರಸಿಯಲ್ಲಿ ಇಳಿದು ಬಿರುಸಾಗಿ ನಡೆದೆ. ಬಾಗಿಲಲ್ಲಿ ಚಪ್ಪಲಿ ಕಳಚುವ ಮೊದಲೇ ಅಡುಗೆ ಕೋಣೆಯೊಳಗೆ ಇಣುಕಿದೆ. ಒಲೆಯ ಪಕ್ಕ ಕಷಾಯದ ಪಾತ್ರೆ ಇದೆಯೇ ಎಂದು ನೋಡಿದೆ. ಇರಲಿಲ್ಲ. ಎರಡು ಬಟ್ಟಲು ಇಟ್ಟಿದ್ದವು.

ಉಂಡೆವು. ಆಯಿ ಡಬ್ಬಿ ತೆಗೆದು, ಹಳದಿ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿ, ನುಂಗಿ, ಬಾಯಿ ತೆರೆದೂ ತೋರಿಸಿದಳು. "ಆತಾ ಮಾರಾಯ್ತಿ?"

ಆಮೇಲೆ ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ನಾನು ದಿನಚರಿ ತೆರೆದು ಅವಳ ಸಾಲಿನ ಮುಂದೆ ಪೆನ್ನು ಹಿಡಿದು ಕೂತೆ. ಬಟ್ಟಲು ಬಟ್ಟಲಿಗೆ ತಾಗುವ ಸದ್ದು, ನೀರಿನ ಸದ್ದು. ನಂತರ ಎಲ್ಲ ನಿಂತಿತು. ನಾನು ಎದ್ದು ನಿಂತೆ. ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕತ್ತಲೆಯಿಂದ ಅವಳ ದನಿಯೇ ಬಂತು.

"ಆನು ಇಲ್ಲೇ ಇದ್ದಿ ಕೂಸೆ, ಇದ್ದಿ. ನಳದ ನೀರು ಹೋತು ಅಷ್ಟೇ."